ಬಾಸ್ಟನ್‌ನಲ್ಲಿ ಚಹಾ ಚೆಲ್ಲಿದ ಜಾಗ

ಅಮೆರಿಕದ ಬಾಸ್ಟನ್‌ನಲ್ಲಿ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ಜೋಡಿಸುವ ನಡಿಗೆ ದಾರಿ ಫ್ರೀಡಂ ಟ್ರೇಲ್. ಇಲ್ಲಿ ಯಾರನ್ನೂ ದಾರಿ ಕೇಳಬೇಕಿಲ್ಲ. ಫುಟ್‌ಪಾತ್ ಮೇಲೆ ಕೆಂಪು ಇಟ್ಟಿಗೆಯ ಗೆರೆ ಇದೆ, ಅದನ್ನೇ ಹಿಡಿದು ನಡೆದರಾಯಿತು. ಓಲ್ಡ್ ಸ್ಟೇಟ್ ಹೌಸ್ ಮುಂದೆ ನೆಲದಲ್ಲಿ ಕಲ್ಲು ಜೋಡಿಸಿದ ಒಂದು ವೃತ್ತ ಸಿಗುತ್ತದೆ. ಊರು ಬ್ರಿಟಿಷರ ವಸಾಹತಾಗಿದ್ದಾಗ, 1770ರ ಮಾರ್ಚ್ 5ರಂದು, ಬ್ರಿಟಿಷ್ ಸೈನಿಕರ ಗುಂಡಿಗೆ ಐವರು ಬಲಿಯಾದದ್ದರ ಗುರುತು ಅದು.

ನಾನು ಜಾಸ್ತಿ ಹೊತ್ತು ಕೂತಿದ್ದು ಓಲ್ಡ್ ಸೌತ್ ಮೀಟಿಂಗ್ ಹೌಸ್‌ನಲ್ಲಿ. ಹೊರಗೆ ಇಟ್ಟಿಗೆ ಗೋಡೆ, ಒಳಗೆ ಬಿಳಿ ಬಣ್ಣದ ಮರದ ಆಸನಗಳು. 1773ರ ಡಿಸೆಂಬರ್ 16ರಂದು ಇಲ್ಲಿ ಸುಮಾರು 5,000 ಜನ ಸೇರಿದ್ದರು. ಆಗ ಇಡೀ ಊರಿನ ಜನಸಂಖ್ಯೆಯೇ ಸುಮಾರು 16,000. ಬಂದರಿನಲ್ಲಿ ಚಹಾ ತುಂಬಿದ ಮೂರು ಹಡಗುಗಳು ನಿಂತಿದ್ದವು: ಡಾರ್ಟ್‌ಮೌತ್, ಎಲೀನರ್, ಬೀವರ್. ಚಹಾ ಇಳಿಸದೆ ಹಡಗು ವಾಪಸ್ ಹೋಗಲಿ ಅಂತ ಜನ ಪಟ್ಟು ಹಿಡಿದಿದ್ದರು. ಅನುಮತಿ ಕೇಳಲು ಫ್ರಾನ್ಸಿಸ್ ರಾಚ್ ಎಂಬ ಹಡಗಿನ ಮಾಲೀಕ ಬ್ರಿಟಿಷ್ ಗವರ್ನರ್ ಹಚಿನ್ಸನ್ ಹತ್ತಿರ ಹೋದ. ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದ. ಜನ ಅಲ್ಲಿಂದ ನೇರ ಬಂದರಿಗೆ ನಡೆದರು.

ಆ ವರ್ಷ ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಗುತ್ತಿತ್ತು. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ ಮಾತ್ರ ಉಳಿದಿತ್ತು. ಆದರೂ ಬೇಡ ಅಂದರು. ನಮ್ಮವರು ಒಬ್ಬರೂ ಇಲ್ಲದ ಪಾರ್ಲಿಮೆಂಟ್ ನಮ್ಮ ಮೇಲೆ ತೆರಿಗೆ ಹಾಕುವುದು ಹೇಗೆ? ಅವರ ತಕರಾರು ಇಷ್ಟೇ. ಅಗ್ಗದ ಸರಕು ಬೇಡ ಅನ್ನುವುದು ಸುಲಭವಲ್ಲ, ಅಲ್ವಾ?

ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು ಅನ್ನುವುದು ನಮಗೆ ಮುಖ್ಯ. 1769ರಲ್ಲಿ ಹೈದರ್ ಅಲಿ ಮದ್ರಾಸಿನ ಬಾಗಿಲಿಗೆ ಬಂದಾಗ ಲಂಡನ್‌ನಲ್ಲಿ ಕಂಪನಿಯ ಷೇರು ಕುಸಿದಿತ್ತು. ಮರುವರ್ಷ ಬಂಗಾಳದಲ್ಲಿ ಘೋರ ಬರಗಾಲ. ಮುಂದೆ ಸಾಲದಲ್ಲಿ ಮುಳುಗಿದ ಕಂಪನಿಗೆ ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾ ಖಾಲಿಯಾಗಬೇಕಿತ್ತು. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್ಸನ್ 1773ರಲ್ಲೇ ಬಂಗಾಳದ ಸಾವುಗಳನ್ನು ನೆನಪಿಸಿ, ಈ ಕಂಪನಿಯನ್ನು ಒಳಗೆ ಬಿಡಬೇಡಿ ಅಂತ ಅಮೆರಿಕದವರಿಗೆ ಬರೆದಿದ್ದ. ನಮ್ಮ ಕಡೆಯ ಸಂಕಟ ಅಷ್ಟು ದೂರ ಮುಟ್ಟಿತ್ತು ಅನ್ನುವುದು ನನ್ನನ್ನು ತುಂಬಾ ಕಾಡಿತು.

ಆ ಹಡಗುಗಳು ನಿಂತಿದ್ದ ಕಟ್ಟೆ ಗ್ರಿಫಿನ್ಸ್ ವಾರ್ಫ್ ಈಗ ಇಲ್ಲ. ಸಮುದ್ರಕ್ಕೆ ಮಣ್ಣು ತುಂಬಿ ರಸ್ತೆ, ಕಟ್ಟಡ ಎದ್ದಿವೆ. ಗೋಡೆಯ ಮೇಲೊಂದು ಫಲಕವಿದೆ, ಅಷ್ಟೇ. ಅವತ್ತು 342 ಪೆಟ್ಟಿಗೆ ಒಡೆದು ಚೆಲ್ಲಿದರು. ನೀರು ಇಳಿದಿದ್ದ ಹೊತ್ತಾದ್ದರಿಂದ ಚಹಾ ಹಡಗಿನ ಪಕ್ಕದಲ್ಲೇ ರಾಶಿಯಾಯಿತು.

ಶಿಕ್ಷೆಯಾಗಿ 1774ರ ಜೂನ್‌ನಲ್ಲಿ ಬ್ರಿಟಿಷರು ಬಂದರನ್ನೇ ಮುಚ್ಚಿದರು. ನನಗೆ ಇಲ್ಲಿಂದ ಮುಂದಿನ ಕಥೆಯೇ ಹೆಚ್ಚು ದೊಡ್ಡದು. ಬೇರೆ ವಸಾಹತುಗಳು ಬಾಸ್ಟನ್‌ನ ನೆರವಿಗೆ ನಿಂತವು: ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿ ಬಂದವು. ಸೆಪ್ಟೆಂಬರ್‌ನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಒಟ್ಟಿಗೆ ಕೂತರು.