ಆಪರೇಷನ್‌ಗೆ ಸಿಗುವ ದುಡ್ಡು ಥೆರಪಿಗೆ ಯಾಕೆ ಸಿಗುವುದಿಲ್ಲ?

ಕೆಲವು ಬಗೆಯ ಅಂಗವೈಕಲ್ಯ ಇರುವವರಿಗೆಂದೇ ಇರುವ ಸರ್ಕಾರಿ ಆರೋಗ್ಯ ವಿಮೆ ನಿರಾಮಯ. ಅದರ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನೀವು ಏಪ್ರಿಲ್‌ನಲ್ಲಿ ಸೇರಿಸಿದ್ದರೂ ಅಷ್ಟೇ, ಜನವರಿಯಲ್ಲಿ ಸೇರಿಸಿದ್ದರೂ ಅಷ್ಟೇ. ಹಾಗಾಗಿ ಸೇರಿಸುವವರು ವರ್ಷದ ಮೊದಲಿಗೇ ಸೇರಿಸಿಬಿಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಆದರೆ ಎದುರಿಗೆ ಕೂತವರು ಹತ್ತರಲ್ಲಿ ಎಂಟು ಸಲ ಕೇಳುವುದು ತಾರೀಖಿನ ವಿಷಯವನ್ನಲ್ಲ. "ನಿರಾಮಯ ಅಂದ್ರೇನು?" ಅಂತ ಕೇಳುತ್ತಾರೆ. ಮಗುವಿಗೆ ಏಳೆಂಟು ವರ್ಷವಾಗಿರುತ್ತದೆ, ಅಂಗವಿಕಲರ ಕಾರ್ಡು ಕೈಯಲ್ಲಿರುತ್ತದೆ, ಕಾರ್ಡು ಮಾಡಿಸಲು ಜಿಲ್ಲಾಸ್ಪತ್ರೆಗೆ ಅಲೆದಿರುತ್ತಾರೆ. ಇಷ್ಟಾದರೂ ಇಂಥದೊಂದು ವಿಮೆ ಇದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ತರೀಕೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಹೀಗೆ ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಮಗಳಿಗೆ ಒಂಬತ್ತು ವರ್ಷ. ಅವಳಿಗಿರುವುದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ಮಾತು, ಓದು ಚೆನ್ನಾಗಿದೆ. ಹದಿನೈದರ ಮಗ್ಗಿಯನ್ನು ನನಗಿಂತ ಬೇಗ ಒಪ್ಪಿಸುತ್ತಾಳೆ. ಎರಡೂ ಕಾಲಿನ ಸ್ನಾಯುಗಳು ಮಾತ್ರ ಬಿಗಿ. ಗೋಡೆ ಹಿಡಿದು, ವಾಕರ್ ಹಿಡಿದು ನಡೆಯುತ್ತಾಳೆ. ಫಿಟ್ಸ್‌ಗೆ ದಿನಾ ಎರಡು ಹೊತ್ತು ಮಾತ್ರೆ.

ಇಂಥ ಮಗುವಿನ ಖರ್ಚು ಯಾವ ರೀತಿಯದು ಎಂಬುದು ಹೊರಗಿನವರಿಗೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಆಸ್ಪತ್ರೆಗೆ ಸೇರಿಸಿ, ಗುಣವಾಗಿ, ಮನೆಗೆ ಬರುವ ಕಾಯಿಲೆ ಇದಲ್ಲ. ಮಗು ಬೆಳೆದ ಹಾಗೆ ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆ ಉದ್ದವಾಗುವುದಿಲ್ಲ. ಹಿಮ್ಮಡಿ ಮೇಲೇಳುತ್ತದೆ, ಮಂಡಿ ಮಡಚಿಕೊಳ್ಳುತ್ತದೆ. ನೋಡದೇ ಬಿಟ್ಟರೆ ಸೊಂಟದ ಕೀಲು ಗೂಡಿನಿಂದ ಜಾರುವ ಅಪಾಯವೂ ಇದೆ. ಇದನ್ನು ತಡೆಯುವುದಕ್ಕೆ ಇರುವುದು ಫಿಸಿಯೋಥೆರಪಿ, ರಾತ್ರಿ ಕಟ್ಟುವ ಸ್ಪ್ಲಿಂಟು, ಹಗಲು ಹಾಕುವ ಎಎಫ್‌ಒ, ಅಂದರೆ ಪಾದ ಮತ್ತು ಕಣಕಾಲನ್ನು ನೇರವಾಗಿ ಹಿಡಿದಿಡುವ ಆಸರೆ. ಅದೂ ಒಂದು ತಿಂಗಳು ಮಾಡಿ ಬಿಡುವಂಥದ್ದಲ್ಲ, ಬೆಳವಣಿಗೆ ನಿಲ್ಲುವವರೆಗೂ ಬೇಕು. ಪಾದ ಬೆಳೆದಂತೆಲ್ಲ ಎಎಫ್‌ಒ ಚಿಕ್ಕದಾಗುತ್ತದೆ, ಹೊಸದು ಮಾಡಿಸಬೇಕು.

ನನ್ನ ಹೆಂಡತಿ ವಾರಕ್ಕೆ ಎರಡು ಸಲ ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿ ಮಗಳಿಬ್ಬರ ಬಸ್ ಖರ್ಚು ಉಳಿದಿದೆ. ಆದರೆ ಬಸ್ ಸ್ಟ್ಯಾಂಡಿನಿಂದ ಥೆರಪಿ ಸೆಂಟರಿಗೆ ಆಟೊ ಬೇಕೇ ಬೇಕು. ಒಂದು ಸೆಷನ್‌ಗೆ 400 ರೂಪಾಯಿ. ವರ್ಷಕ್ಕೆ ಫಿಸಿಯೋ ಒಂದೇ 40,000ದ ಹತ್ತಿರ ಹೋಗುತ್ತದೆ.

ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. 2018ರಲ್ಲಿ ಅದು ಬಂದಾಗ ನಾವು ಎಷ್ಟು ನಿರಾಳವಾಗಿದ್ದೆವು! ಎಪಿಎಲ್ ಕುಟುಂಬಗಳಿಗೂ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುವಂತೆ ಆ ಯೋಜನೆಯನ್ನು ರೂಪಿಸಿದ್ದರು. ದೊಡ್ಡ ಕೆಲಸವೇ ಅದು, ನಮ್ಮೂರಿನಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬದುಕಿದವರನ್ನು ನಾನೇ ನೋಡಿದ್ದೇನೆ. ಆದರೆ ಅದು ದಾಖಲಾಗಿ ಪಡೆಯುವ ಚಿಕಿತ್ಸೆಗೆ ಇರುವ ಯೋಜನೆ. ವಾರವಾರ ಹೊರರೋಗಿಯಾಗಿ ಹೋಗಿ ಮಾಡಿಸುವ ಫಿಸಿಯೋಗೆ, ಸ್ಪೀಚ್ ಥೆರಪಿಗೆ, ತಿಂಗಳ ಮಾತ್ರೆಗೆ ಅದರಿಂದ ಬಿಡಿಗಾಸೂ ಇಲ್ಲ. ಹಿಮ್ಮಡಿಯ ಸ್ನಾಯು ತೀರಾ ಎಳೆದುಕೊಂಡು ಆಪರೇಷನ್ ಆಗಬೇಕೆಂದರೆ ಮಾತ್ರ ವಿಮೆ ಎನ್ನುವುದು ನೆನಪಿಗೆ ಬರುತ್ತದೆ.

ಇದನ್ನು ನಾನು ಮನೆಯಲ್ಲಿ ವಿವರಿಸಿದಾಗ ಹೆಂಡತಿ ಕೇಳಿದ ಮಾತು ಇನ್ನೂ ನನ್ನ ತಲೆಯಲ್ಲಿದೆ. "ಕಾಲು ಕೆಟ್ಟು ಆಪರೇಷನ್ ಆದ್ರೆ ದುಡ್ಡು ಕೊಡ್ತಾರೆ. ಕೆಡದ ಹಾಗೆ ನೋಡ್ಕೊಂಡ್ರೆ ಕೊಡಲ್ಲ. ಇದ್ಯಾವ ಲೆಕ್ಕ ರೀ?"

ಈ ಪ್ರಶ್ನೆಗೆ ಸ್ವಲ್ಪವಾದರೂ ಉತ್ತರ ಕೊಡುವುದು ನಿರಾಮಯ. ಇದು 1999ರ ಕಾಯ್ದೆಯಡಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ಯೋಜನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕರಲ್ಲಿ ಒಂದಿದ್ದು ಪ್ರಮಾಣಪತ್ರ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ವಿಮೆ. ವಯಸ್ಸಿನ ಮಿತಿ ಇಲ್ಲ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ. ಮೊದಲಿನಿಂದ ಇದ್ದ ತೊಂದರೆ ಎಂದು ಹೇಳಿ ಕೈಬಿಡುವಂತಿಲ್ಲ. ಹುಟ್ಟಿನಿಂದಲೇ ತೊಂದರೆ ಇರುವ ಮಗುವಿಗೆ ಈ ಕೊನೆಯ ಮಾತಿನ ಬೆಲೆ ಎಷ್ಟೆಂದು ಖಾಸಗಿ ವಿಮೆಗೆ ಅಲೆದವರಿಗೇ ಗೊತ್ತು. ಆಸ್ಪತ್ರೆ ಖರ್ಚಿನ ಜೊತೆ ಹೊರರೋಗಿ ಚಿಕಿತ್ಸೆ, ಔಷಧಿ, ಪರೀಕ್ಷೆ, ಹಲ್ಲಿನ ಚಿಕಿತ್ಸೆ, ನಿರಂತರ ಥೆರಪಿ, ಆಯುರ್ವೇದದಂಥ ಪರ್ಯಾಯ ಚಿಕಿತ್ಸೆ, ಓಡಾಟದ ಖರ್ಚು ಕೂಡ ಇದರಲ್ಲಿ ಸೇರಿದೆ. ನಾವು ಸೇರಿಸಿದಾಗ ಬಿಪಿಎಲ್‌ನವರಿಗೆ 250 ರೂಪಾಯಿ, ಉಳಿದವರಿಗೆ 500 ರೂಪಾಯಿ ನೋಂದಣಿ ಶುಲ್ಕ ಇತ್ತು. ಇಷ್ಟು ಕಡಿಮೆ ದುಡ್ಡಿಗೆ ಮಗುವಿನ ಥೆರಪಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬೇರೊಂದು ವಿಮೆಯನ್ನು ನಾನು ಕಂಡಿಲ್ಲ.

ಆದರೆ ಆ ಒಂದು ಲಕ್ಷವನ್ನು ಒಟ್ಟಾಗಿ ಬಳಸುವ ಹಾಗಿಲ್ಲ. ಆಪರೇಷನ್‌ಗೆ ಇಷ್ಟು, ಓಪಿಡಿಗೆ ಇಷ್ಟು, ಥೆರಪಿಗೆ ಇಷ್ಟು ಎಂದು ಒಳಗೇ ಪಾಲು ಮಾಡಿದ್ದಾರೆ. ದೊಡ್ಡ ಪಾಲು ಆಪರೇಷನ್ನಿನದೇ. ಅದನ್ನು ನಾವು ಮುಟ್ಟಿಲ್ಲ, ಮುಟ್ಟುವ ಸಂದರ್ಭ ಬಾರದಿರಲಿ ಎಂದೇ ದೇವರಲ್ಲಿ ಕೇಳಿಕೊಳ್ಳುತ್ತೇವೆ. ಥೆರಪಿಯ ಪಾಲು ಮಾತ್ರ ದಸರಾ ಹೊತ್ತಿಗೆ ಖಾಲಿಯಾಗಿರುತ್ತದೆ. ಉಳಿದ ಅರ್ಧ ವರ್ಷ ಕೈಯಿಂದ. ಯೋಜನೆ ಶುರುವಾದಾಗಲೂ ಮಿತಿ ಒಂದು ಲಕ್ಷ, ಇವತ್ತಿಗೂ ಒಂದೇ ಲಕ್ಷ. ಈ ನಡುವೆ ಯಾವ ಸೆಂಟರಿನ ಫೀಸು ಹಾಗೇ ನಿಂತಿದೆ ಹೇಳಿ?

ಇನ್ನೊಂದು ತೊಡಕು, ಮೊದಲು ನಾವು ಕೊಟ್ಟು ಆಮೇಲೆ ವಾಪಸ್ ಪಡೆಯಬೇಕು. ಕೂಲಿ ಮಾಡುವ ತಾಯಿಗೆ ಆ ಮೊದಲ ದುಡ್ಡೇ ಇರುವುದಿಲ್ಲ. ದುಡ್ಡಿಲ್ಲದ್ದಕ್ಕೆ ಥೆರಪಿ ಇಲ್ಲ, ಥೆರಪಿ ಇಲ್ಲದ್ದಕ್ಕೆ ಬಿಲ್ಲಿಲ್ಲ, ಬಿಲ್ಲಿಲ್ಲದ್ದಕ್ಕೆ ಕ್ಲೇಮಿಲ್ಲ. ಕಾರ್ಡು ಬೀರುವಿನಲ್ಲೇ ಉಳಿಯುತ್ತದೆ. ಅತಿ ಬಡವರಿಗೆಂದು ಶುಲ್ಕ ಇಳಿಸಿದ ಯೋಜನೆ ಅವರ ಕೈಗೇ ಎಟುಕದಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಒಂದು ಕ್ಲೇಮಿನ ಲಕೋಟೆಯಲ್ಲಿ ಏನೇನಿರುತ್ತದೆ ಹೇಳುತ್ತೇನೆ. ಭರ್ತಿ ಮಾಡಿದ ಫಾರಂ, ನಿರಾಮಯ ಕಾರ್ಡಿನ ಪ್ರತಿ, ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ, ಡಾಕ್ಟರ ಚೀಟಿ, ಅಸಲಿ ಬಿಲ್ಲುಗಳು, ಥೆರಪಿ ಆದ ತಾರೀಖುಗಳ ಹಾಳೆ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಚಿಕಿತ್ಸೆ ಮುಗಿದ 30 ದಿನದೊಳಗೆ ಕಳಿಸಬೇಕು. ಒಮ್ಮೆ ನಮ್ಮ ಒಂದು ತಿಂಗಳ ಬಿಲ್ಲನ್ನು ಪೂರ್ತಿ ಕಡಿದು ಹಾಕಿದ್ದರು. ವಿಚಾರಿಸಿದರೆ, ಆ ಒಂದು ಬಿಲ್ಲಿನಲ್ಲಿ ಥೆರಪಿಸ್ಟರ ನೋಂದಣಿ ಸಂಖ್ಯೆ ಇರಲಿಲ್ಲವಂತೆ. ಸೀಲು ಇತ್ತು, ಸಹಿ ಇತ್ತು, ಮಗಳ ಹೆಸರಿತ್ತು. ಹೊಸ ಸೀಲು ಮಾಡಿಸುವಾಗ ಅವರು ಸಂಖ್ಯೆ ಬಿಟ್ಟಿದ್ದರು. ಫೋನ್ ಮಾಡಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ನಾನು ಹೇಗೋ ನಿಭಾಯಿಸಿದೆ. ಇಡೀ ದಿನ ಫಾರಂ ತುಂಬುವುದೇ ಕಸುಬಾದ ನನಗೇ ಇಷ್ಟು ಕಷ್ಟವಾದರೆ, ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗುವ ತಾಯಿ ಏನು ಮಾಡಬೇಕು?

ಕಳೆದ ಮಳೆಗಾಲದಲ್ಲಿ ಹತ್ತಿರದ ಹಳ್ಳಿಯ ರೈತರೊಬ್ಬರು ಅಂಗಡಿಗೆ ಬಂದರು. "ಅಣ್ಣ, ನಿಮ್ ಮಗಳಿಗೆ ಮಾಡ್ಸಿದ್ದೀರಂತಲ್ಲ, ಆ ಇನ್ಶೂರೆನ್ಸು ನಮ್ ಹುಡುಗನಿಗೂ ಮಾಡ್ಕೊಡಿ." ಯುಡಿಐಡಿ ಕಾರ್ಡು, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡು, ತೆಗೆದು ಕೌಂಟರಿನ ಮೇಲಿಟ್ಟರು. ಹುಡುಗನಿಗೆ ಹನ್ನೆರಡು ವರ್ಷ. ಕಾರ್ಡಿನಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಎಂದಿತ್ತು, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಹೋಗುವ ಕಾಯಿಲೆ. ಎರಡು ವರ್ಷದ ಹಿಂದಿನವರೆಗೂ ಸೈಕಲ್ ಹೊಡೆಯುತ್ತಿದ್ದನಂತೆ, ಈಗ ಗಾಲಿಕುರ್ಚಿಯಲ್ಲಿದ್ದಾನೆ. ಫಿಸಿಯೋ ಬೇಕು, ಆಗಾಗ ಹೃದಯ, ಶ್ವಾಸಕೋಶದ ಪರೀಕ್ಷೆ ಆಗಬೇಕು. ನಿರಾಮಯದ ನಾಲ್ಕು ವಿಧಗಳಲ್ಲಿ ಅದು ಬರುವುದಿಲ್ಲ ಎಂದು ಹೇಳಬೇಕಾಯಿತು. "ಇದೂ ಅಂಗವಿಕಲರ ಕಾರ್ಡೇ ಅಲ್ವಾ ಅಣ್ಣ?" ಎಂದರು. ಹೌದು, ಅದೇ ಸರ್ಕಾರದ ಅದೇ ಕಾರ್ಡು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಮಸ್ಕ್ಯುಲರ್ ಡಿಸ್ಟ್ರೊಫಿ ಅದರಲ್ಲಿದೆ. ತಲಸ್ಸೇಮಿಯಾ, ಹಿಮೋಫಿಲಿಯಾ ಕೂಡ ಇವೆ. ಆ ಕಾಯ್ದೆಯ 24ನೇ ಕಲಂ, ಇಎಸ್‌ಐ ಅಥವಾ ಸರ್ಕಾರದ ಬೇರೆ ವಿಮೆಗಳಲ್ಲಿ ಇಲ್ಲದ ವಿಕಲಚೇತನರಿಗೆ ಸಮಗ್ರ ವಿಮಾ ಯೋಜನೆ ರೂಪಿಸುವ ಮಾತನ್ನೂ ಆಡುತ್ತದೆ. ಕಾಯ್ದೆ 21ಕ್ಕೆ ಹಿಗ್ಗಿತು, ನಿರಾಮಯ ಮಾತ್ರ ನಾಲ್ಕರಲ್ಲೇ ಉಳಿಯಿತು. ಯಾವ ಯೋಜನೆ ಯಾವ ಕಾಯ್ದೆಯ ಕೆಳಗೆ ಹುಟ್ಟಿತು ಎಂಬುದು ದೆಹಲಿಯ ಕಡತಗಳಿಗೆ ಸಂಬಂಧಿಸಿದ್ದು. ಆ ಹುಡುಗನ ಬೆನ್ನು ಬಾಗದ ಹಾಗೆ ನೋಡಿಕೊಳ್ಳುವುದಕ್ಕೂ ನನ್ನ ಮಗಳ ಹಿಮ್ಮಡಿ ನೆಲಕ್ಕೆ ತಾಗುವ ಹಾಗೆ ನೋಡಿಕೊಳ್ಳುವುದಕ್ಕೂ ನಡುವೆ ಯಾರಾದರೂ ಗೆರೆ ಎಳೆಯುವುದು ಹೇಗೆ?

ಖಾಸಗಿ ವಿಮೆಯ ವಿಷಯವನ್ನೂ ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಐಆರ್‌ಡಿಎಐ, ಅಂಗವೈಕಲ್ಯ ಇರುವವರಿಗೆಂದು ಒಂದು ಪಾಲಿಸಿಯನ್ನಾದರೂ ಇಡಲೇಬೇಕು ಎಂದು ಆರೋಗ್ಯ ವಿಮೆ ಮಾರುವ ಕಂಪನಿಗಳಿಗೆ ಸೂಚಿಸಿತು. ಕೈಯಲ್ಲಿ ದುಡ್ಡಿರುವವರು ಏಜೆಂಟರನ್ನು ಒತ್ತಾಯಿಸಿ ಕೇಳಿ. ಆದರೆ ಷರತ್ತುಗಳನ್ನು ಪೂರ್ತಿ ಓದಿ, ಕಾಯುವ ಅವಧಿ ಎಷ್ಟು ಎಂದು ನೋಡಿ. ನಮ್ಮಂಥವರಿಗೆ ಅದರ ಪ್ರೀಮಿಯಂ ಎಟುಕುವಂಥದ್ದಲ್ಲ.

ಆ ರೈತರಿಗೆ ನಾನು ಆಯುಷ್ಮಾನ್ ಕಾರ್ಡಿನ ನೋಂದಣಿ ಮಾಡಿಕೊಟ್ಟೆ, ಜಿಲ್ಲಾಸ್ಪತ್ರೆಯ ಡಿಇಐಸಿಗೆ ಹೋಗಲು ಹೇಳಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ನೋಡುವ ಕೇಂದ್ರ ಅದು, ಅಲ್ಲಿ ದುಡ್ಡು ಕೇಳುವುದಿಲ್ಲ. ಆದರೆ ಚಿಕ್ಕಮಗಳೂರಿಗೆ ಗಾಲಿಕುರ್ಚಿಯ ಹುಡುಗನನ್ನು ಕರೆದುಕೊಂಡು ವಾರವಾರ ಹೋಗಿ ಬರುವುದು ಅವರಿಂದ ಆಗುವ ಮಾತಲ್ಲ. ನಾನು ಕೇಳುವುದು ಇಷ್ಟೇ. ಆಯುಷ್ಮಾನ್‌ನ 5 ಲಕ್ಷದಲ್ಲಿ ಒಂದು ಸಣ್ಣ ಪಾಲನ್ನು 21 ವಿಧದ ಮಕ್ಕಳ ಹೊರರೋಗಿ ಥೆರಪಿಗೆ ಬಿಡಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದರೆ ಕೈಯಿಂದ ದುಡ್ಡು ಕೊಡದೆ ಥೆರಪಿ ಆಗಲಿ. ಈ ಬೇಡಿಕೆಯನ್ನು ಬರೆದು ನಮ್ಮ ಶಾಸಕರ ಕಚೇರಿಗೆ ಕೊಟ್ಟಿದ್ದೇನೆ. ತಂದೆ ತಾಯಂದಿರು ಯಾರಾದರೂ ಸಹಿ ಹಾಕುವುದಿದ್ದರೆ ಅಂಗಡಿಯಲ್ಲಿ ಪ್ರತಿ ಇದೆ.

ಸದ್ಯಕ್ಕೆ ಇರುವುದನ್ನಾದರೂ ಬಿಡಬೇಡಿ. ಯುಡಿಐಡಿ ಇಲ್ಲದವರು ಅಂಗವಿಕಲರ ಕೆಲಸ ನೋಡಿಕೊಳ್ಳುವ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರನ್ನು, ಮೊದಲು ಕಾಣಿ. ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿರುತ್ತಾರೆ, ಅದರ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಪ್ರತಿ ಬಿಲ್ಲಿನಲ್ಲೂ ಮಗುವಿನ ಹೆಸರು ಕಾರ್ಡಿನಲ್ಲಿ ಇರುವ ಹಾಗೇ ಬರೆಸಿ, ತಾರೀಖು, ಸೀಲು, ನೋಂದಣಿ ಸಂಖ್ಯೆ ಇದೆಯೇ ಎಂದು ಸೆಂಟರಿನಿಂದ ಹೊರಡುವ ಮೊದಲೇ ನೋಡಿ. ಅಸಲಿ ಕಳಿಸುವ ಮುಂಚೆ ಎಲ್ಲದರ ಒಂದೊಂದು ಪ್ರತಿ ಇಟ್ಟುಕೊಳ್ಳಿ. ನಿರಾಮಯ ಕ್ಲೇಮಿನ ಝೆರಾಕ್ಸಿಗೆ ನಮ್ಮ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.