ಸಿಮುನುಲ್ ಮಸೀದಿ ನೋಡಲು ಹೋಗುವವರಿಗೆ: ಜೆಟ್ಟಿಯಲ್ಲಿ ಯಾರ ಮಾತೂ ನಂಬಬೇಡಿ

ಇದು ಫಿಲಿಪ್ಪೀನ್ಸ್‌ನ ದಕ್ಷಿಣದ ತುದಿ, ತಾವಿ-ತಾವಿ. ಅಲ್ಲಿನ ಬೊಂಗಾವ್ ಊರಿಂದ ಸಿಮುನುಲ್ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು. ಬೊಂಗಾವ್ ಜೆಟ್ಟಿಯಲ್ಲಿ ನಮ್ಮ ಮುಖ ಕಂಡ ಕೂಡಲೇ ಒಬ್ಬ ಬಂದ. ಸಿಮುನುಲ್ ದೋಣಿ ಹೋಗಿಬಿಟ್ಟಿತು, ಇವತ್ತು ಇನ್ನಿಲ್ಲ, ಸ್ಪೆಷಲ್ ದೋಣಿ ಮಾಡಿಕೊಳ್ಳಿ ಅಂದ. ನಂಬಿದೆವು. ಹನ್ನೆರಡು ಜನರ ದುಡ್ಡನ್ನು ಇಬ್ಬರೇ ಕೊಟ್ಟೆವು. ಅರ್ಧ ದಾರಿಯಲ್ಲಿ ಅಕ್ಕಿ ಮೂಟೆ, ಕೋಳಿ, ಮಕ್ಕಳನ್ನು ತುಂಬಿಕೊಂಡ ಮಾಮೂಲಿ ದೋಣಿ ನಮ್ಮನ್ನು ದಾಟಿ ಹೋಯಿತು! ಅದರಲ್ಲಿದ್ದವರು ಖುಷಿಯಿಂದ ಕೈ ಬೀಸಿದರು. ಹೆಂಡತಿ ದಡ ಸೇರುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ನೀವು ಬೆಳಗ್ಗೆ ಬೇಗ ಹೋಗಿ. ಜನ ತುಂಬಿದ ಮೇಲೆ ದೋಣಿ ಹೊರಡುತ್ತದೆ. ಮೂಟೆ ಪಕ್ಕ ಕೂತ ಹೆಂಗಸರನ್ನು ಕೇಳಿದರೆ ಸರಿಯಾದ ದೋಣಿ, ಸರಿಯಾದ ರೇಟು ಎರಡೂ ಗೊತ್ತಾಗುತ್ತದೆ.

ಇದು ಫಿಲಿಪ್ಪೀನ್ಸ್‌ನ ದಕ್ಷಿಣದ ತುದಿ, ತಾವಿ-ತಾವಿ. ಸಿಮುನುಲ್‌ನಲ್ಲಿರುವ ಶೇಖ್ ಕರಿಮುಲ್ ಮಖ್ದೂಮ್ ಮಸೀದಿ ಫಿಲಿಪ್ಪೀನ್ಸ್‌ನಲ್ಲೇ ಎಲ್ಲಕ್ಕಿಂತ ಹಳೆಯ ಮಸೀದಿ. 1380ರಲ್ಲಿ ಕಟ್ಟಿದ್ದು ಅಂತ ಹೇಳುತ್ತಾರೆ. ಹೊರಗಿನಿಂದ ನೋಡಿ ಬೇಜಾರಾಗಬೇಡಿ, ನನಗೂ ಆಗಿತ್ತು. ಕಾಣುವುದು ಸಿಮೆಂಟಿನ ಹೊಸ ಕಟ್ಟಡ. ಹಳೆಯದು ಒಳಗಿದೆ: ಇಪಿಲ್ ಮರದ ನಾಲ್ಕು ದಪ್ಪ ಕಂಬ. ಕಟ್ಟಡವನ್ನು ಮತ್ತೆ ಕಟ್ಟಿದರೂ ಈ ಕಂಬಗಳನ್ನು ಬಿಟ್ಟುಕೊಟ್ಟಿಲ್ಲ. ಮುಟ್ಟಿದರೆ ಕಲ್ಲು ಮುಟ್ಟಿದ ಹಾಗಿತ್ತು. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ರಶ್ಶು. ಹೆಂಗಸರು ತಲೆಗೆ ಬಟ್ಟೆ ಇಟ್ಟುಕೊಂಡಿರಿ. ಊರಿನ ಗೋರಿಗಳ ಮೇಲಿನ ಕೆತ್ತಿದ ಮರದ ಗುರುತುಗಳನ್ನೂ ನೋಡಿ, ಅವನ್ನು ಸುಂದುಕ್ ಅನ್ನುತ್ತಾರೆ. ಗಂಡಸಿಗೆ ನೆಟ್ಟಗಿನ ಕಂಬ, ಹೆಂಗಸಿಗೆ ಚಪ್ಪಟೆ ಹಲಗೆ.

ಇಲ್ಲಿನವರೇ ಆದ ಸಾಮಾ ಜನರ ನೀರಿನ ಮೇಲಿನ ಮನೆಗಳನ್ನು ಬೊಂಗಾವ್‌ನಲ್ಲೇ ನೋಡಬಹುದು. ಸಮುದ್ರದಲ್ಲಿ ಕಂಬ ನೆಟ್ಟು, ಮೇಲೆ ಹಲಗೆ ಹಾಸಿ ಮನೆ. ಮನೆಯಿಂದ ಮನೆಗೆ ಹಲಗೆಯದೇ ದಾರಿ. ಒಂದು ಹಲಗೆ ನನ್ನ ಕಾಲ ಕೆಳಗೆ ಬಾಗಿದಾಗ ಜೀವ ಹೋದ ಹಾಗಾಯಿತು. ಐದು ವರ್ಷದ ಹುಡುಗಿ ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ಅದೇ ಹಲಗೆ ಮೇಲೆ ಓಡಿದಳು. ಗರಿ ಹೊದಿಸಿದ ಸೂರು ಕಮ್ಮಿ, ತಗಡೇ ಜಾಸ್ತಿ. ಫೋಟೋಗೆ ಚೆಂದ ಕಾಣಲ್ಲ ಅಂತ ಗೊಣಗುವವರು ಹೋಗಬೇಡಿ. ಅದು ಅವರ ಮನೆ ಅಲ್ವಾ? ಒಳಗೆ ಇಣುಕುವ ಮೊದಲು ಕೇಳಿ.

ಬೊಂಗಾವ್ ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸಿ ಇತ್ತು, ಕರೆಂಟು ಇರಲಿಲ್ಲ. ಟಾರ್ಚು, ಪವರ್ ಬ್ಯಾಂಕ್ ಒಯ್ಯಿರಿ. ಈ ಭಾಗಕ್ಕೆ ಹೋಗಬೇಡಿ ಅಂತ ಹಲವು ದೇಶಗಳು ಎಚ್ಚರಿಸುತ್ತವೆ. ಇನ್ಶೂರೆನ್ಸ್ ಇಲ್ಲಿಗೆ ನಡೆಯುತ್ತದಾ ಅಂತ ಹೊರಡುವ ಮೊದಲೇ ಕೇಳಿ. ಊರು ತಲುಪಿದ ಮೇಲೆ ಪೊಲೀಸರಿಗೆ ತಿಳಿಸಿಯೇ ತಿರುಗಾಡಿ. ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ಇನ್ನು ಊಟ. ಇಲ್ಲಿ ಮರಗೆಣಸು ತುರಿದು, ಹಿಂಡಿ, ಹಬೆಯಲ್ಲಿ ಬೇಯಿಸುತ್ತಾರೆ. ಹೆಸರು ಪುತು! ನಮ್ಮ ಮಂಗಳೂರು ಕಡೆಯವರಿಗೆ ಪುಟ್ಟು ನೆನಪಾಗದೇ ಇರಲ್ಲ. ಮೀನು ಸಾರಿನ ಜೊತೆ ಎರಡು ಸಲ ಹಾಕಿಸಿಕೊಂಡೆ. ಆದರೆ ನನ್ನ ಮನಸ್ಸು ಗೆದ್ದಿದ್ದು ಜಾಂಬೊವಾಂಗಾ ಊರಿನ ಸತ್ತಿ ಅನ್ನುವ ತಿಂಡಿ. ವಿಮಾನ ಬದಲಿಸಲು ಅಲ್ಲಿ ಇಳಿಯುತ್ತೀರಲ್ಲ, ಒಂದು ರಾತ್ರಿ ಉಳಿಯಿರಿ. ಬೆಳ್ಳಂಬೆಳಗ್ಗೆ ಸಣ್ಣ ಅಂಗಡಿಯ ಬೆಂಚಿನ ಮೇಲೆ ಕೂತರೆ ಬಟ್ಟಲು ತುಂಬ ಕೆಂಪು ಗೊಜ್ಜು, ಸಿಹಿ ಖಾರ ಎರಡೂ. ಅದರಲ್ಲಿ ಅನ್ನದ ತುಂಡು, ಕಡ್ಡಿಗೆ ಸಿಕ್ಕಿಸಿ ಕೆಂಡದಲ್ಲಿ ಸುಟ್ಟ ಪುಟ್ಟ ಪುಟ್ಟ ಮಾಂಸದ ಚೂರು. ದನದ ಮಾಂಸ ತಿನ್ನದವರು ಕೋಳಿ ಅಂತ ಮೊದಲೇ ಹೇಳಿ. ಗೊಜ್ಜು ಖಾಲಿಯಾದರೆ ಕೇಳದೇ ಸುರಿದರು. ಕೊನೆಗೆ ಕಡ್ಡಿ ಎಣಿಸಿ ದುಡ್ಡು ತೆಗೆದುಕೊಂಡರು. ದೋಣಿಗೆ ಸುಮ್ನೆ ಸುರಿದ ದುಡ್ಡಲ್ಲಿ ಒಂದು ವಾರ ತಿನ್ನಬಹುದಿತ್ತು. ಮರುದಿನ ತಡವಾಗಿ ಎದ್ದು ಹೋದೆವು. ಅಂಗಡಿಯ ಅಜ್ಜಿ ಆಗಲೇ ಪಾತ್ರೆ ತೊಳೆಯುತ್ತಿದ್ದಳು.