ತಾರಸಿಗೆ ನೀರು ಕಟ್ಟಿ ನೋಡಿದ್ದು

ಮೈಸೂರಿನ ನಮ್ಮ ಮನೆಯ ನಡುಕೋಣೆಯ ಸೀಲಿಂಗಿನಲ್ಲಿ ಪ್ರತಿ ಮಳೆಗಾಲವೂ ತಟ್ಟೆಯಗಲದ ತೇವದ ಕಲೆ ಮೂಡುತ್ತಿತ್ತು. ಕಳೆದ ಬೇಸಿಗೆಯಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಲೇಪ ಒಣಗುತ್ತಲೇ ಟೈಲ್ಸ್ ಹಾಸಲು ಹೊರಟ ಮೇಸ್ತ್ರಿಯನ್ನು ತಡೆದು, ನೀರು ಕಟ್ಟಿ ನೋಡದ ಹೊರತು ಏನನ್ನೂ ಹಾಸಕೂಡದೆಂದು ಹಟ ಹಿಡಿದೆ.

ನೀರಿಳಿಯುವ ಕೊಳವೆಯ ಬಾಯಿಗೆ ಬಿರಡೆ ಜಡಿದು, ಸುಮಾರು 40 ಚದರ ಮೀಟರ್ ಜಾಗಕ್ಕೆ ಮರಳುಚೀಲಗಳ ಕಟ್ಟೆ ಕಟ್ಟಿದೆವು. ತಾರಸಿಗೆ 100ಕ್ಕೆ 1ರಂತೆ ವಾಟ ಕೊಟ್ಟಿದ್ದರಿಂದ, ಎತ್ತರದ ಬದಿಯಲ್ಲಿ 25 ಮಿ.ಮೀ. ನೀರು ನಿಂತಾಗ ಆರು ಮೀಟರ್ ಆಚೆಯ ಕೊಳವೆಯ ಬಳಿ 85 ಮಿ.ಮೀ. ನಿಂತಿತ್ತು. ಒಟ್ಟು 2,200 ಲೀಟರ್, ಅಂದರೆ ಎರಡು ಟನ್ನಿಗೂ ಮಿಗಿಲು. ಜನ ಓಡಾಡುವ ಆರ್‌ಸಿಸಿ ತಾರಸಿಯನ್ನು ಕಟ್ಟಡದ ಭಾರಗಳ ಭಾರತೀಯ ಮಾನಕವಾದ ಐಎಸ್ 875ರ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ; ನಮ್ಮ ನೀರಿನ ಭಾರ ಅತಿ ಆಳದ ಕಡೆಯೂ ಚದರ ಮೀಟರಿಗೆ 85 ಕಿಲೋ ಅಷ್ಟೆ. ಮರದ ತೊಲೆಗಳ ಹಳೆಯ ಮದ್ರಾಸ್ ತಾರಸಿಯ ಮೇಲೆ ಮಾತ್ರ ಇಂಜಿನಿಯರನ್ನು ಕೇಳದೆ ಇಷ್ಟು ನೀರು ಹೇರಬಾರದು.

ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ನೆಟ್ಟನೆಯ ಅಂಚಿನ ಪಾತ್ರೆಯೊಂದರಲ್ಲೂ ನೀರು ತುಂಬಿಟ್ಟೆ. ಮರುದಿನ ಗೆರೆಯಿಂದ 6 ಮಿ.ಮೀ. ಇಳಿದಿದ್ದುದನ್ನು ಕಂಡು ಎದೆ ಧಸಕ್ಕೆಂದಿತಾದರೂ ಪಾತ್ರೆಯಲ್ಲೂ ಅಷ್ಟೇ ಇಳಿದಿದ್ದರಿಂದ ಅದು ಬರೀ ಬಿಸಿಲಿಗೆ ಆವಿಯಾದ ನೀರೆಂದು ತಿಳಿಯಿತು. 72 ಗಂಟೆ ಕಳೆದರೂ ಕೆಳಗಿನ ಸೀಲಿಂಗ್ ಒಣಗಿಯೇ ಇತ್ತು. ಮೇಸ್ತ್ರಿ ಮುಖ ಅರಳಿಸಿದರು. ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ನಿಂತ ನೀರು ತನ್ನ ಮಟ್ಟದವರೆಗಿನ ದೋಷವನ್ನಷ್ಟೇ ತೋರಿಸುತ್ತದೆ, ಮಳೆಯಾದರೋ ಗೋಡೆಗೂ ಬಡಿಯುತ್ತದೆ.

ಕಟ್ಟಿದ ನೀರನ್ನು ಹೊರಬಿಟ್ಟ ಮೇಲೆ, ತಾರಸಿಯ ಅಂಚಿನ ಗಿಡ್ಡ ಗೋಡೆಯಾದ ಪ್ಯಾರಪೆಟ್ಟಿಗೆ ನೀರಿನ ಪೈಪು ಹಿಡಿದೆವು. ಇದನ್ನು ಕೆಳಗಿನಿಂದ ಮೇಲಕ್ಕೆ, ಒಂದೊಂದು ಅಡಿಯೇ ಏರುತ್ತ ಮಾಡಬೇಕು. ಮೊದಲೇ ಮೇಲಿನಿಂದ ಸುರಿದರೆ ಇಡೀ ಗೋಡೆ ತೋಯ್ದು, ನೀರು ಎಲ್ಲಿ ಒಳಹೊಕ್ಕಿತೆಂಬುದು ತಿಳಿಯುವುದೇ ಇಲ್ಲ. ಎರಡನೆಯ ಅಡಿಗೆ ಬಂದು ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಕೆಳಗಿನಿಂದ ಹೆಂಡತಿ ಕೂಗಿದಳು. ಪೈಪು ಹಿಡಿದ ಜಾಗದಲ್ಲಿದ್ದದ್ದು ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಅಡ್ಡ ಬಿರುಕು, ಲೇಪ ಮುಗಿದ ಅಂಚಿಗಿಂತ ನಾಲ್ಕು ಬೆರಳು ಮೇಲೆ. ಅಲ್ಲಿ ಹೊಕ್ಕ ನೀರು ಲೇಪದ ಹಿಂದಿನಿಂದ ಜಾರಿ, ಸ್ಲ್ಯಾಬಿನೊಳಗೆ ಆರಡಿ ಹರಿದು, ಹಳೆಯ ಕಲೆಯ ಜಾಗದಲ್ಲೇ ತೊಟ್ಟಿಕ್ಕುತ್ತಿತ್ತು.

ಬಿರುಕನ್ನು ಕೊರೆದು ಅಗಲಿಸಿ ತುಂಬಿಸಿ, ಲೇಪವನ್ನು ಅದರ ಮೇಲೂ ಒಂದಡಿ ಏರಿಸಿ, ಒಣಗಿದ ಬಳಿಕ ಮತ್ತೆ ಅದೇ ಕಡೆ ಒಂದು ಗಂಟೆ ಪೈಪು ಹಿಡಿದೆವು. ಟೈಲ್ಸ್ ಹಾಸಿದ್ದು ಅದರ ಮರುವಾರ.